ಮಣಿಕಟ್ಟಿನ ಸಂಖ್ಯೆ: ರಕ್ತಗತ ಆಮ್ಲಜನಕಮಾಪನದ ಇತಿಹಾಸವೂ ಅದರ ಪ್ರಾಮಾಣ್ಯವೂ

೧. ವಿಷಯಪ್ರವೇಶ

ಕೈಗಡಿಯಾರವು ಕಾಲವನ್ನು ಮಾತ್ರ ತಿಳಿಸುತ್ತಿದ್ದ ದಿನಗಳು ಕಳೆದುವು. ಈಗ ಅನೇಕರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಯಂತ್ರವು ನಡೆದ ಹೆಜ್ಜೆಗಳನ್ನೂ ನಾಡಿಯ ಬಡಿತವನ್ನೂ ನಿದ್ರೆಯ ಅವಧಿಯನ್ನೂ ಲೆಕ್ಕವಿಡುವುದಲ್ಲದೆ, ರಕ್ತದಲ್ಲಿ ಆಮ್ಲಜನಕವು ಶೇಕಡಾ ಎಷ್ಟಿದೆಯೆಂಬುದನ್ನೂ ಒಂದು ಸಂಖ್ಯೆಯಿಂದ ಹೇಳುತ್ತದೆ. ಈ ಕಡೆಯ ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದೇ ಪ್ರಕೃತ ವಿಚಾರ. ವೈದ್ಯನೂ ಯಂತ್ರಜ್ಞನೂ ಅಲ್ಲದೆ, ಪಾಠಶಾಲೆಯಲ್ಲಿ ತರ್ಕ ವ್ಯಾಕರಣಗಳನ್ನು ಓದಿದವನೊಬ್ಬನು ಇದಕ್ಕೆ ಕೈಹಾಕುವುದು ಅನಧಿಕಾರಚೇಷ್ಟೆಯೆಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ಆದರೆ ಒಂದು ಜ್ಞಾನವು ಯಥಾರ್ಥವೋ ಅಲ್ಲವೋ, ಅದು ಯಾವ ಸಾಧನದಿಂದ ಹುಟ್ಟಿತು, ಆ ಸಾಧನವು ಎಲ್ಲಿ ದುಷ್ಟವಾಗುತ್ತದೆ ಎಂಬ ಪ್ರಶ್ನೆಗಳು ನ್ಯಾಯಶಾಸ್ತ್ರದ ನಿತ್ಯವಿಷಯಗಳೇ ಆಗಿರುವುದರಿಂದ, ಆ ಮಾರ್ಗದಿಂದ ಈ ಯಂತ್ರದ ಇತಿಹಾಸವನ್ನು ಪರಿಶೀಲಿಸಿದರೆ ಅಸಂಗತವಾಗಲಾರದೆಂದು ನಂಬಿದ್ದೇನೆ.

ಈ ವಿಚಾರಕ್ಕೆ ನನ್ನನ್ನು ಪ್ರೇರಿಸಿದ ಸಂದರ್ಭವನ್ನು ಮೊದಲು ಹೇಳಿಬಿಡುವೆನು. ಪ್ಲವ ಸಂವತ್ಸರದ ವೈಶಾಖಮಾಸದಲ್ಲಿ, ಎಂದರೆ ೨೦೨೧ನೆಯ ಇಸವಿಯ ಮೇ ತಿಂಗಳಿನಲ್ಲಿ, ಕೋವಿಡ್ ಜ್ವರವು ಮನೆಮನೆಯನ್ನೂ ಹೊಕ್ಕಿದ್ದಾಗ ನಮ್ಮ ಅಣ್ಣನವರೂ ಅದಕ್ಕೆ ತುತ್ತಾದರು. ಆಮ್ಲಜನಕದ ಸಂಖ್ಯೆಯು ೯೪ಕ್ಕಿಂತ ಕೆಳಗಿಳಿದರೆ ಕೂಡಲೇ ವೈದ್ಯಸಹಾಯವನ್ನು ಪಡೆಯಬೇಕೆಂದು ಭಾರತ ಸರ್ಕಾರದ ಆರೋಗ್ಯ ಇಲಾಖೆಯು ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆಯುವವರಿಗೆ ಸೂಚಿಸಿತ್ತು. ಅಣ್ಣನವರ ಮಗನ ಕೈಗಡಿಯಾರವನ್ನು ಅವರ ಮಣಿಕಟ್ಟಿಗೆ ಕಟ್ಟಿ ನೋಡಿದಾಗ ೯೬ ಎಂದು ಬಂದಿತು. ಪಕ್ಕದ ಮನೆಯಿಂದ ತಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ೯೧ ಎಂದಿತು. ಮತ್ತೊಬ್ಬರು ಕೊಟ್ಟ ಅಂಥದೇ ಇನ್ನೊಂದು ಯಂತ್ರವು ೯೩ ಎಂದಿತು. ಒಬ್ಬನ ರಕ್ತದಲ್ಲಿ ಒಂದೇ ಕಾಲಕ್ಕೆ ಮೂರು ಪ್ರಮಾಣಗಳು ಇರಲಾರವಷ್ಟೆ. ಮನೆಯವರಾದ ನಾವೆಲ್ಲರೂ ೯೬ನ್ನು ನಂಬಲು ಇಷ್ಟಪಟ್ಟೆವು. ಇಷ್ಟವೇ ಪ್ರಮಾಣವಲ್ಲವೆಂದು ಮೂವತ್ತು ವರ್ಷ ಪಾಠ ಹೇಳಿದ ನಾನೂ ಆ ಗುಂಪಿನಲ್ಲಿದ್ದೆನೆಂಬುದನ್ನು ಒಪ್ಪಿಕೊಳ್ಳಬೇಕು.

೨. ರಕ್ತದ ಬಣ್ಣವೇ ಲಿಂಗವಾದ ಬಗೆ

ಈ ಯಂತ್ರಗಳಲ್ಲಿ ಯಾವುದೂ ಆಮ್ಲಜನಕವನ್ನು ಕಾಣುವುದಿಲ್ಲ. ಅವು ಕಾಣುವುದು ಬೆಳಕನ್ನು. ಬೆಳಕಿನಿಂದ ಬಣ್ಣವನ್ನು, ಬಣ್ಣದಿಂದ ಆಮ್ಲಜನಕವನ್ನು ಊಹಿಸುತ್ತವೆ. ಬೆಟ್ಟದಲ್ಲಿ ಹೊಗೆಯನ್ನು ಕಂಡು ಕಾಣದ ಬೆಂಕಿಯನ್ನು ತಿಳಿಯುವವನ ಜ್ಞಾನವು ಹೇಗೆ ಅನುಮಿತಿಯೋ ಹಾಗೆಯೇ ಇದೂ ಅನುಮಿತಿ. ಇಲ್ಲಿ ಬಣ್ಣವು ಹೇತು, ಆಮ್ಲಜನಕದ ಪ್ರಮಾಣವು ಸಾಧ್ಯ. ಈ ಹೇತುವು ವಿದ್ವಾಂಸರಿಗೆ ದೊರೆತುದು ಎರಡು ಶತಮಾನಗಳ ಪರಿಶ್ರಮದಿಂದ.

ಶ್ವಾಸಕೋಶವನ್ನು ಹಾಯ್ದ ರಕ್ತವು ಕಪ್ಪುಗೆಂಪಿನಿಂದ ಉಜ್ಜ್ವಲವಾದ ಕೆಂಪಿಗೆ ತಿರುಗುವುದು ಗಾಳಿಯ ಸಂಪರ್ಕದಿಂದಲೇ ಎಂದು ರಿಚರ್ಡ್ ಲೋವರ್ ಎಂಬ ಆಂಗ್ಲ ವೈದ್ಯನು ೧೬೬೯ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ತೋರಿಸಿದನು. ಆಮ್ಲಜನಕವೆಂಬ ವಾಯುವೇ ಆಗ ತಿಳಿದಿರಲಿಲ್ಲ; ಅದನ್ನು ಪ್ರೀಸ್ಟ್ಲಿಯು ಬೇರ್ಪಡಿಸಿ ನೋಡಿದುದು ೧೭೭೪ರಲ್ಲಿ. ರಕ್ತಕ್ಕೆ ಕೆಂಪನ್ನು ಕೊಡುವ ದ್ರವ್ಯಕ್ಕೆ ಹಿಮೋಗ್ಲೋಬಿನ್ ಎಂಬ ಹೆಸರನ್ನು ಇಟ್ಟವನು ಹೋಪೆ-ಸೈಲರ್ ಎಂಬ ಜರ್ಮನ್ ವಿದ್ವಾಂಸನು, ೧೮೬೪ರಲ್ಲಿ. ಅದೇ ವರ್ಷ ಕೇಂಬ್ರಿಜ್ಜಿನ ಸ್ಟೋಕ್ಸನು ಈ ದ್ರವ್ಯವು ಆಮ್ಲಜನಕವನ್ನು ಬಿಟ್ಟಾಗ ಒಂದು ಬಗೆಯಾಗಿಯೂ ಹಿಡಿದಾಗ ಮತ್ತೊಂದು ಬಗೆಯಾಗಿಯೂ ಬೆಳಕನ್ನು ನುಂಗುವುದೆಂಬುದನ್ನು ರೋಹಿತದರ್ಶಕದಿಂದ ನಿರ್ಧರಿಸಿದನು. ಬಣ್ಣಕ್ಕೂ ಆಮ್ಲಜನಕಕ್ಕೂ ಇರುವ ನಿಯತಸಂಬಂಧವು ಹೀಗೆ ಸ್ಥಾಪಿತವಾಯಿತು.

ಆಮ್ಲಜನಕವನ್ನು ಹೊರಬಲ್ಲ ಹಿಮೋಗ್ಲೋಬಿನ್ನಿನಲ್ಲಿ ನೂರಕ್ಕೆ ಎಷ್ಟು ಭಾಗವು ಅದನ್ನು ಹೊತ್ತಿದೆಯೋ ಅದಕ್ಕೆ ಸಂತೃಪ್ತಿಯೆಂದು ಹೆಸರು. ೧೯೦೪ರಲ್ಲಿ ಕೋಪನ್‌ಹೇಗನ್ನಿನ ಬೋರ್, ಹಸೆಲ್‌ಬಾಲ್ಕ್, ಕ್ರೋ ಎಂಬ ಮೂವರು ಈ ಸಂತೃಪ್ತಿಗೂ ರಕ್ತದಲ್ಲಿ ಕರಗಿರುವ ಆಮ್ಲಜನಕದ ಒತ್ತಡಕ್ಕೂ ಇರುವ ಸಂಬಂಧವನ್ನು ವಕ್ರರೇಖೆಯಾಗಿ ಚಿತ್ರಿಸಿದರು. ಆ ರೇಖೆಯ ಮೇಲ್ತುದಿಯು ಬಹುಮಟ್ಟಿಗೆ ಸಮತಲವಾಗಿದೆ. ಒತ್ತಡವು ೧೦೦ ಮಿಲಿಮೀಟರ್ ಪಾದರಸದಿಂದ ೬೦ಕ್ಕೆ ಕುಸಿದರೂ ಸಂತೃಪ್ತಿಯು ೯೭ರ ಸುಮಾರಿನಿಂದ ೯೦ರ ಸುಮಾರಿಗೆ ಮಾತ್ರ ಇಳಿಯುತ್ತದೆ. ಅಲ್ಲಿಂದ ಮುಂದೆ ರೇಖೆಯು ಕಡಿದಾಗಿ ಇಳಿಯುತ್ತದೆ. ಆದಕಾರಣ ೯೬ಕ್ಕೂ ೯೧ಕ್ಕೂ ಇರುವ ಐದರ ಅಂತರವನ್ನು ಶಾಲೆಯ ಪರೀಕ್ಷೆಯಲ್ಲಿ ಬಂದ ಅಂಕಗಳ ಅಂತರದಂತೆ ಭಾವಿಸಬಾರದು. ಒಂದು ಬಯಲಿನ ಮಧ್ಯದಲ್ಲಿ ನಿಂತವನ ಸ್ಥಾನವಾದರೆ ಇನ್ನೊಂದು ಪ್ರಪಾತದ ಅಂಚನ್ನು ಸಮೀಪಿಸಿದವನ ಸ್ಥಾನ.

೩. ಚರ್ಮದ ಹೊರಗಿನಿಂದ ಅಳೆಯುವ ಯತ್ನಗಳು

ರಕ್ತವನ್ನು ತೆಗೆದು ಪಾತ್ರೆಯಲ್ಲಿಟ್ಟು ಪರೀಕ್ಷಿಸುವುದು ಒಂದು. ಜೀವಂತ ಮನುಷ್ಯನ ಚರ್ಮದ ಹೊರಗಿನಿಂದಲೇ ಅದರ ಬಣ್ಣವನ್ನು ಅಳೆಯುವುದು ಮತ್ತೊಂದು. ಎರಡನೆಯ ಮಾರ್ಗವನ್ನು ಮೊದಲು ತುಳಿದವರಲ್ಲಿ ಕಾರ್ಲ್ ಫಾನ್ ಫಿಯೆರೋರ್ಟನೆಂಬ ಜರ್ಮನ್ ಪಂಡಿತನು ಗಣ್ಯನು. ೧೮೭೬ರಲ್ಲಿ ಅವನು ಬೆರಳಿನ ರಕ್ತಸಂಚಾರವನ್ನು ಕಟ್ಟಿನಿಂದ ನಿಲ್ಲಿಸಿ, ಬೆರಳನ್ನು ಹಾಯ್ದು ಬರುವ ಬೆಳಕಿನ ರೋಹಿತವು ಆಮ್ಲಜನಕವು ವ್ಯಯವಾದಂತೆ ಬದಲಾಗುವುದನ್ನು ಗಮನಿಸಿದನು. ಬಳಿಕ ಬಹುಕಾಲದ ಮೇಲೆ, ೧೯೩೫ರಲ್ಲಿ, ಲೈಪ್‌ಜಿಗ್ಗಿನ ಕಾರ್ಲ್ ಮಾಥೆಸ್ ಎಂಬವರು ಎರಡು ಬಗೆಯ ಬೆಳಕನ್ನು ಕಿವಿಯ ಮೂಲಕ ಹಾಯಿಸಿ ಸಂತೃಪ್ತಿಯ ಏರಿಳಿತಗಳನ್ನು ಸತತವಾಗಿ ಗುರುತಿಸುವ ಉಪಕರಣವನ್ನು ಮಾಡಿದರು. ಎರಡನೆಯ ಮಹಾಯುದ್ಧದಲ್ಲಿ ಅತ್ಯುನ್ನತಿಯಲ್ಲಿ ಹಾರುತ್ತಿದ್ದ ವೈಮಾನಿಕರು ಆಮ್ಲಜನಕದ ಕೊರತೆಯಿಂದ ಪ್ರಜ್ಞೆ ತಪ್ಪುತ್ತಿದ್ದುದರಿಂದ, ಅವರಿಗಾಗಿ ಅಮೆರಿಕದ ಗ್ಲೆನ್ ಮಿಲಿಕನ್ನರು ಕಿವಿಗೆ ಸಿಕ್ಕಿಸುವ ಹಗುರವಾದ ಉಪಕರಣವನ್ನು ರಚಿಸಿ ೧೯೪೨ರಲ್ಲಿ ಪ್ರಕಟಿಸಿದರು. ಆಕ್ಸಿಮೀಟರ್ ಎಂಬ ಹೆಸರು ಅವರಿಂದಲೇ ರೂಢಿಗೆ ಬಂದಿತು.

ಇವರೆಲ್ಲರನ್ನೂ ಬಾಧಿಸಿದ ದೋಷವು ಒಂದೇ. ಕಿವಿಯೊಳಗೆ ಹೊಕ್ಕ ಬೆಳಕನ್ನು ಶುದ್ಧರಕ್ತವೊಂದೇ ನುಂಗುವುದಿಲ್ಲ. ಚರ್ಮ, ಮಾಂಸ, ಅಭಿಧಮನಿಗಳಲ್ಲಿ ಹಿಂದಿರುಗುತ್ತಿರುವ ಮಲಿನರಕ್ತ ಇವೆಲ್ಲವೂ ನುಂಗುತ್ತವೆ. ಅಪಧಮನಿಯ ರಕ್ತದ ಪಾಲನ್ನು ಇವುಗಳಿಂದ ಬೇರ್ಪಡಿಸುವುದು ಹೇಗೆ? ಕಿವಿಯನ್ನು ಒತ್ತಿ ರಕ್ತವನ್ನೆಲ್ಲ ಹೊರಹಾಕಿ, ರಕ್ತಹೀನವಾದ ಕಿವಿಯು ನುಂಗುವ ಬೆಳಕನ್ನು ಮೊದಲು ಅಳೆದು, ಅದನ್ನು ಕಳೆಯುವ ಉಪಾಯವನ್ನು ಅರ್ಲ್ ವುಡ್ ಮೊದಲಾದವರು ೧೯೪೯ರ ಸುಮಾರಿನಲ್ಲಿ ಮಾಡಿದರು. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯವರು ೧೯೭೬ರಲ್ಲಿ ಎಂಟು ತರಂಗಾಂತರಗಳ ಬೆಳಕನ್ನು ಬಳಸುವ, ಕಿವಿಯನ್ನು ಬಿಸಿಮಾಡಿ ಅಳೆಯುವ ಯಂತ್ರವನ್ನು ತಂದರು. ಅದು ಪ್ರಯೋಗಶಾಲೆಯಲ್ಲಿ ಮಾನ್ಯವಾಯಿತಾದರೂ ಅದರ ಗಾತ್ರವೂ ಬೆಲೆಯೂ ಶಸ್ತ್ರಚಿಕಿತ್ಸಾಲಯದ ಸಾಮಾನ್ಯ ಬಳಕೆಗೆ ಅಡ್ಡಿಯಾದುವು.

೪. ಅಓಯಾಗಿಯವರ ಸೂತ್ರ

ಈ ಗಂಟನ್ನು ಬಿಡಿಸಿದವರು ಜಪಾನಿನ ತಾಕುಒ ಅಓಯಾಗಿ ಎಂಬ ಯಂತ್ರಜ್ಞರು. ಟೋಕಿಯೋವಿನ ನಿಹೊನ್ ಕೋಡೆನ್ ಸಂಸ್ಥೆಯಲ್ಲಿದ್ದ ಅವರು ಹುಡುಕುತ್ತಿದ್ದುದು ಇದನ್ನಲ್ಲ. ರಕ್ತಕ್ಕೆ ಒಂದು ವರ್ಣದ್ರವ್ಯವನ್ನು ಸೇರಿಸಿ, ಅದು ತೆಳುವಾಗುವ ವೇಗದಿಂದ ಹೃದಯವು ಹೊರದೂಡುವ ರಕ್ತದ ಪರಿಮಾಣವನ್ನು ಕಿವಿಯ ಹೊರಗಿನಿಂದಲೇ ಅಳೆಯಬೇಕೆಂಬುದು ಅವರ ಉದ್ದೇಶವಾಗಿತ್ತು. ಆದರೆ ನಾಡಿಯ ಪ್ರತಿಯೊಂದು ಬಡಿತವೂ ರೇಖೆಯನ್ನು ಅಲುಗಿಸಿ ಲೆಕ್ಕವನ್ನು ಕೆಡಿಸುತ್ತಿದ್ದಿತು. ಈ ಉಪದ್ರವವನ್ನು ತೊಡೆಯಲು ಅವರು ಅವಕೆಂಪು ಬೆಳಕನ್ನು, ಎಂದರೆ ಕೆಂಪಿನಿಂದಾಚೆಗಿನ ಕಣ್ಣಿಗೆ ಕಾಣದ ಬೆಳಕನ್ನು, ಜೊತೆಗೆ ಬಳಸಿ ಒಂದರಿಂದ ಇನ್ನೊಂದರ ಅಲುಗಾಟವನ್ನು ಹೊಡೆದುಹಾಕಿದರು. ಆದರೂ ರಕ್ತದ ಸಂತೃಪ್ತಿಯು ಬದಲಾದೊಡನೆ ಆ ಹೊಂದಾಣಿಕೆಯು ತಪ್ಪುತ್ತಿದ್ದಿತು. ಹೀಗೆ ತಪ್ಪುವ ಪ್ರಮಾಣವೇ ಸಂತೃಪ್ತಿಯ ಅಳತೆಯಲ್ಲವೆ ಎಂದು ಅವರಿಗೆ ಹೊಳೆಯಿತು. ಬಡಿತದೊಡನೆ ಏರಿಳಿಯುವುದು ಅಪಧಮನಿಯ ರಕ್ತ ಮಾತ್ರ. ಚರ್ಮ ಮಾಂಸಗಳು ಬಡಿಯುವುದಿಲ್ಲ. ಆದುದರಿಂದ ಬೆಳಕಿನ ಏರಿಳಿಯುವ ಅಂಶವನ್ನಷ್ಟೇ ತೆಗೆದುಕೊಂಡರೆ ಉಳಿದವೆಲ್ಲವೂ ತಾವಾಗಿ ಕಳೆದುಹೋಗುವುವು. ಅದುವರೆಗೆ ವಿಘ್ನವಾಗಿದ್ದ ನಾಡಿಯೇ ಇಲ್ಲಿ ಸಾಧನವಾಯಿತು.

ನಾಡಿಯೆಂದೊಡನೆ ನಮ್ಮ ವೈದ್ಯಗ್ರಂಥಗಳನ್ನು ನೆನೆಯುವವರು ಬಹುಮಂದಿ. ಶಾರ್ಙ್ಗಧರಸಂಹಿತೆಯಲ್ಲಿ ನಾಡಿಯ ಗತಿಯನ್ನು ಹಾವು, ಕಪ್ಪೆ, ಹಂಸ ಮೊದಲಾದವುಗಳ ನಡಿಗೆಗೆ ಹೋಲಿಸಿ ವಾತಪಿತ್ತಕಫಗಳನ್ನು ನಿರ್ಣಯಿಸುವ ಕ್ರಮವು ಪ್ರಸಿದ್ಧವಾಗಿದೆ. ಆದರೆ ಅಲ್ಲಿ ಹೇತುವು ಗತಿ. ಇಲ್ಲಿ ಹೇತುವು ವರ್ಣ. ಸಾಧ್ಯಗಳೂ ಬೇರೆ. ಎರಡಕ್ಕೂ ಹೆಸರೊಂದೇ ಎಂಬ ಮಾತ್ರದಿಂದ ಹಿಂದಿನವರು ಇದನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಇತಿಹಾಸಕ್ಕೂ ಆ ಗ್ರಂಥಕ್ಕೂ ಮಾಡುವ ಅನ್ಯಾಯವಾಗುತ್ತದೆ.

ಪ್ರಾಥಮ್ಯದ ವಿಷಯದಲ್ಲಿ ಒಂದು ಸಂದೇಹವು ಹುಟ್ಟಿದ್ದುಂಟು. ಅಓಯಾಗಿಯವರ ಪರವಾಗಿ ಪೇಟೆಂಟ್ ಹಕ್ಕಿನ ಅರ್ಜಿಯು ೧೯೭೪ರ ಮಾರ್ಚ್ ೨೯ರಂದು ಸಲ್ಲಿತು. ಅದೇ ತತ್ತ್ವದ ಮೇಲೆ ಮಿನೋಲ್ಟಾ ಸಂಸ್ಥೆಯವರ ಅರ್ಜಿಯು ಏಪ್ರಿಲ್ ೨೪ರಂದು ಸಲ್ಲಿತು. ಬೆರಳಿಗೆ ಹಾಕುವ ಯಂತ್ರವನ್ನು ೧೯೭೭ರಲ್ಲಿ ಮೊದಲು ಮಾರಾಟಕ್ಕೆ ತಂದವರು ಮಿನೋಲ್ಟಾದವರಾದುದರಿಂದ ಪಾಶ್ಚಾತ್ಯರಲ್ಲಿ ಅಓಯಾಗಿಯವರ ಹೆಸರು ಕೆಲವು ಕಾಲ ಮರೆಯಾಗಿದ್ದಿತು. ಅಮೆರಿಕದ ಜಾನ್ ಸೆವರಿಂಗ್‌ಹೌಸರು ಜಪಾನೀ ಸಹೋದ್ಯೋಗಿಯೊಬ್ಬರೊಡನೆ ೧೯೮೭ರಲ್ಲಿ ಬರೆದ ಇತಿಹಾಸಲೇಖನದಿಂದ ಅದು ಮತ್ತೆ ಬೆಳಕಿಗೆ ಬಂದಿತು. ಅಮೆರಿಕದ ನೆಲ್‌ಕಾರ್ ಸಂಸ್ಥೆಯ ಯಂತ್ರವು ೧೯೮೩ರಲ್ಲಿ ಬಂದ ಮೇಲೆ ಇದು ಶಸ್ತ್ರಚಿಕಿತ್ಸಾಲಯಗಳಲ್ಲಿ ಹಬ್ಬಿತು. ೨೦೦೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಶಸ್ತ್ರಚಿಕಿತ್ಸೆಯ ಸುರಕ್ಷತಾಪಟ್ಟಿಯಲ್ಲಿ ಈ ಯಂತ್ರವು ರೋಗಿಯ ಮೈಮೇಲಿದ್ದು ಕೆಲಸ ಮಾಡುತ್ತಿರಬೇಕೆಂಬ ವಿಧಿಯು ಸೇರಿತು. ಅಓಯಾಗಿಯವರು ೨೦೨೦ರ ಏಪ್ರಿಲ್ ೧೮ರಂದು ತಮ್ಮ ೮೪ನೆಯ ವಯಸ್ಸಿನಲ್ಲಿ ಕಾಲವಾದರು. ಅವರ ಯಂತ್ರವನ್ನು ಜಗತ್ತಿನ ಮನೆಮನೆಯೂ ಹುಡುಕಲು ತೊಡಗಿದ್ದ ದಿನಗಳವು.

೫. ವ್ಯಾಪ್ತಿಯನ್ನು ಗ್ರಹಿಸಿದ ಸ್ಥಳ

ಇನ್ನು ಮುಖ್ಯ ವಿಚಾರಕ್ಕೆ ಬರೋಣ. ಯಂತ್ರವು ಕೆಂಪು ಬೆಳಕಿನಲ್ಲಿ ನಾಡಿಯೊಡನೆ ಏರಿಳಿಯುವ ಅಂಶವನ್ನು ಸ್ಥಿರಾಂಶದಿಂದ ಭಾಗಿಸುತ್ತದೆ. ಅವಕೆಂಪಿನಲ್ಲಿಯೂ ಹಾಗೆಯೇ ಮಾಡುತ್ತದೆ. ಮೊದಲನೆಯ ಲಬ್ಧವನ್ನು ಎರಡನೆಯದರಿಂದ ಮತ್ತೆ ಭಾಗಿಸುತ್ತದೆ. ಹೀಗೆ ಬಂದ ನಿಷ್ಪತ್ತಿಯು ೧ರ ಸಮೀಪದಲ್ಲಿದ್ದರೆ ಸಂತೃಪ್ತಿಯು ಶೇಕಡಾ ೮೫ರ ಸುಮಾರು ಎಂದು ತಿಳಿಯುತ್ತದೆ. ಇಂಥ ನಿಷ್ಪತ್ತಿಗೆ ಇಂಥ ಸಂತೃಪ್ತಿಯೆಂಬ ಕೋಷ್ಟಕವು ಯಂತ್ರದೊಳಗೇ ಅಡಗಿದೆ. ಆ ಕೋಷ್ಟಕವು ಎಲ್ಲಿಂದ ಬಂದಿತು?

ಅದು ಕೇವಲ ಗಣಿತದಿಂದ ಬಂದುದಲ್ಲ. ಆರೋಗ್ಯವಂತರಾದ ಸ್ವಯಂಸೇವಕರನ್ನು ಮಲಗಿಸಿ, ಅವರು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವನ್ನು ಹಂತಹಂತವಾಗಿ ತಗ್ಗಿಸಿ, ಸಂತೃಪ್ತಿಯು ೭೦ರವರೆಗೆ ಇಳಿಯುವಂತೆ ಮಾಡಿ, ಪ್ರತಿಯೊಂದು ಹಂತದಲ್ಲಿಯೂ ಅವರ ಅಪಧಮನಿಯಿಂದ ರಕ್ತವನ್ನು ತೆಗೆದು ನೇರವಾಗಿ ಪರೀಕ್ಷಿಸುತ್ತಾರೆ. ಆ ಫಲಿತಾಂಶವನ್ನೂ ಯಂತ್ರದ ನಿಷ್ಪತ್ತಿಯನ್ನೂ ಜೋಡಿಸಿ ಬರೆದುದೇ ಕೋಷ್ಟಕ. ಅದಕ್ಕಿಂತ ಕೆಳಗೆ ಇಳಿಸುವುದು ಪ್ರಾಣಾಪಾಯಕರವಾದುದರಿಂದ ೭೦ರ ಕೆಳಗಿನ ಸಂಖ್ಯೆಗಳು ರೇಖೆಯನ್ನು ಮುಂದಕ್ಕೆ ಎಳೆದು ಊಹಿಸಿದವುಗಳು.

ತರ್ಕಸಂಗ್ರಹವನ್ನು ಓದಿದವರಿಗೆ ಇದು ಪರಿಚಿತವಾದ ದೃಶ್ಯ. ಹೊಗೆಯಿದ್ದಲ್ಲಿ ಬೆಂಕಿಯಿರುವುದೆಂಬ ವ್ಯಾಪ್ತಿಯನ್ನು ಮನುಷ್ಯನು ಮೊದಲು ಗ್ರಹಿಸುವುದು ಅಡಿಗೆಮನೆಯಲ್ಲಿ, ಎರಡನ್ನೂ ಒಟ್ಟಿಗೆ ಮತ್ತೆ ಮತ್ತೆ ಕಂಡು. ಬಳಿಕ ಬೆಟ್ಟದಲ್ಲಿ ಹೊಗೆಯನ್ನು ಕಂಡಾಗ ಅದನ್ನು ಅನ್ವಯಿಸುತ್ತಾನೆ. ಆಕ್ಸಿಮೀಟರಿಗೆ ಆ ಪ್ರಯೋಗಶಾಲೆಯೇ ಅಡಿಗೆಮನೆ; ಜ್ವರದಿಂದ ನಡುಗುತ್ತ ಕುಳಿತಿರುವ ರೋಗಿಯ ಬೆರಳೇ ಬೆಟ್ಟ. ಒಳ್ಳೆಯ ಆರೋಗ್ಯದ, ಬೆಚ್ಚನೆಯ ಕೈಗಳ, ಅಲುಗದೆ ಮಲಗಿದ ಕೆಲವರಲ್ಲಿ ಗ್ರಹಿಸಿದ ವ್ಯಾಪ್ತಿಯು ಬೇರೊಬ್ಬರಲ್ಲಿ ಎಷ್ಟು ದೂರ ಸಲ್ಲುವುದೆಂಬುದೇ ಯಂತ್ರದ ನಿಖರತೆಯೆಂಬ ಪ್ರಶ್ನೆ.

ಪ್ರಯೋಗಶಾಲೆಯ ಒಳಗೇ ಆದರೂ ಅದು ಪೂರ್ಣವಾಗಿ ಸಲ್ಲುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೨೦೧೩ರ ತನ್ನ ಮಾರ್ಗದರ್ಶಿಯಲ್ಲಿ, ಬೆಳಕು ಬೆರಳನ್ನು ಹಾಯ್ದುಹೋಗುವ ಯಂತ್ರಗಳಿಗೆ ೩ರವರೆಗೂ, ಬೆಳಕು ಚರ್ಮದಿಂದ ಹಿಂದಿರುಗಿ ಬರುವ ಯಂತ್ರಗಳಿಗೆ ೩.೫ರವರೆಗೂ ದೋಷವನ್ನು ಸಹಿಸಬಹುದೆಂದು ಹೇಳಿತು. ವ್ಯತ್ಯಾಸಗಳ ವರ್ಗಗಳ ಸರಾಸರಿಯ ಮೂಲವಿದು. ಸ್ಥೂಲವಾಗಿ ಹೇಳುವುದಾದರೆ ಮೂರು ಅಳತೆಗಳಲ್ಲಿ ಎರಡು ಮಾತ್ರ ಈ ಮೇರೆಯೊಳಗೆ ಬೀಳುವುವು. ಮೂರನೆಯದು ಹೊರಗೂ ಹೋಗಬಹುದು. ಯಂತ್ರವು ೯೦ ಎಂದರೆ ನಿಜವಾದ ಸಂತೃಪ್ತಿಯು ಸಾಮಾನ್ಯವಾಗಿ ೮೬ಕ್ಕೂ ೯೪ಕ್ಕೂ ಮಧ್ಯದಲ್ಲಿರುವುದೆಂದು ಆ ಆಡಳಿತವೇ ಜನರಿಗೆ ತಿಳಿಸಿದೆ. ಇದು ಪರೀಕ್ಷೆಯಲ್ಲಿ ತೇರ್ಗಡೆಯಾದ ಯಂತ್ರಗಳ ಮಾತು. ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ, ಇಂಥ ಅನುಮತಿಯಿಲ್ಲದ ಆರು ಯಂತ್ರಗಳನ್ನು ಕ್ಯಾಲಿಫೋರ್ನಿಯದ ಸಂಶೋಧಕರು ಪರೀಕ್ಷಿಸಿ ೨೦೧೬ರಲ್ಲಿ ಪ್ರಕಟಿಸಿದ ವರದಿಯಂತೆ ನಾಲ್ಕು ಯಂತ್ರಗಳು ಅಂತರರಾಷ್ಟ್ರೀಯ ಮಾನವನ್ನು ಮುಟ್ಟಲಿಲ್ಲ. ಸಂತೃಪ್ತಿಯು ೯೦ರ ಮೇಲಿದ್ದಾಗ ಅವುಗಳ ತಪ್ಪು ಅಲ್ಪ. ಕೆಳಗಿಳಿದಂತೆ ತಪ್ಪು ಹೆಚ್ಚು. ಆಪತ್ತು ಹತ್ತಿರವಾದಾಗಲೇ ಸಾಕ್ಷಿಯು ತೊದಲುವುದು ಇಲ್ಲಿಯ ದುರದೃಷ್ಟ.

೬. ಉಪಾಧಿಗಳು

ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದು ಒಬ್ಬನು ಹೇಳಿದರೆ ತಾರ್ಕಿಕನು ಒಪ್ಪುವುದಿಲ್ಲ. ಕಾಯಿಸಿದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಕಟ್ಟಿಗೆಯಿದ್ದರೆ ಮಾತ್ರ ಹೊಗೆ. ಹೇಳದೆಯೇ ಒಳಗೆ ಸೇರಿಕೊಂಡ ಈ ನಿಬಂಧನೆಗೆ ಉಪಾಧಿಯೆಂದು ಹೆಸರು. ಆಕ್ಸಿಮೀಟರಿನ ಅನುಮಾನದಲ್ಲಿಯೂ ಇಂಥ ಉಪಾಧಿಗಳು ಹಲವು ಅಡಗಿವೆ: ಕೈಯು ಬೆಚ್ಚಗಿರಬೇಕು, ಅಲುಗಬಾರದು, ರಕ್ತಸಂಚಾರವು ಸರಿಯಾಗಿರಬೇಕು, ಉಗುರಿಗೆ ಗಾಢವಾದ ಬಣ್ಣವಿರಬಾರದು. ಕೈ ಅಲುಗಿದರೆ ಅಭಿಧಮನಿಯ ರಕ್ತವೂ ಅಲುಗುತ್ತದೆ. ಆಗ ಬಡಿಯುವುದೆಲ್ಲವೂ ಅಪಧಮನಿಯ ರಕ್ತವೆಂಬ ಅಓಯಾಗಿಯವರ ಮೂಲನಿಯಮವೇ ಭಂಗವಾಗುತ್ತದೆ. ಇನ್ನೊಂದು ದೋಷವು ಹೇತುವಿನ ಆಭಾಸವೇ ಆಗಿದೆ. ಬೆಂಕಿ ಬಿದ್ದ ಮನೆಯ ಹೊಗೆಯನ್ನು ಕುಡಿದವನ ರಕ್ತದಲ್ಲಿ ಹಿಮೋಗ್ಲೋಬಿನ್ನು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವನ್ನು ಹಿಡಿದಿರುತ್ತದೆ. ಅದರ ಬಣ್ಣವೂ ಕೆಂಪಾದುದರಿಂದ ಎರಡೇ ಬೆಳಕುಗಳನ್ನು ಬಳಸುವ ಯಂತ್ರವು ಅದನ್ನು ಆಮ್ಲಜನಕವೆಂದೇ ಎಣಿಸಿ, ಸಾಯುತ್ತಿರುವವನಿಗೂ ೯೮ ಎಂದು ಬರೆಯಬಲ್ಲದು. ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸಿದವನ ಗತಿಯೇ ಇದು.

ಎಲ್ಲಕ್ಕಿಂತಲೂ ವಿಚಾರಾರ್ಹವಾದ ಉಪಾಧಿಯು ಚರ್ಮದ ವರ್ಣ. ಚರ್ಮವು ಬಡಿಯದುದರಿಂದ ಅದರ ಪಾಲು ಲೆಕ್ಕದಲ್ಲಿ ಕಳೆದುಹೋಗಬೇಕೆಂಬುದು ತತ್ತ್ವ. ಆದರೆ ಅನುಭವವು ಹಾಗೆ ಹೇಳಲಿಲ್ಲ. ೧೯೯೦ರಲ್ಲಿ ಜುಬ್ರಾನ್ ಮತ್ತು ಟೋಬಿನ್ ಎಂಬವರು ಕೃತಕ ಉಸಿರಾಟದಲ್ಲಿದ್ದ ರೋಗಿಗಳನ್ನು ಪರೀಕ್ಷಿಸಿ, ಕಪ್ಪು ಚರ್ಮದವರಲ್ಲಿ ಯಂತ್ರದ ತಪ್ಪು ಹೆಚ್ಚೆಂದೂ, ಬಿಳಿಯರಲ್ಲಿ ೯೨ ಸಾಕಾದರೆ ಕರಿಯರಲ್ಲಿ ೯೫ನ್ನು ಗುರಿಯಾಗಿಟ್ಟುಕೊಳ್ಳಬೇಕೆಂದೂ ಬರೆದರು. ೨೦೦೫ರಲ್ಲಿ ಬಿಕ್ಲರ್ ಮೊದಲಾದವರು ಪ್ರಯೋಗಶಾಲೆಯಲ್ಲಿಯೇ ಇದನ್ನು ಸಮರ್ಥಿಸಿದರು: ಸಂತೃಪ್ತಿಯು ತಗ್ಗಿದಂತೆಲ್ಲ ಯಂತ್ರವು ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತಿದ್ದಿತು. ಆದರೂ ಲೋಕವು ಗಮನಿಸಿದುದು ೨೦೨೦ರ ಡಿಸೆಂಬರಿನಲ್ಲಿ, ಮಿಷಿಗನ್ನಿನ ಸ್ಯೋಡಿಂಗ್ ಮೊದಲಾದವರು ರೋಗಾವಧಿಯ ಮಧ್ಯೆ ತಮ್ಮ ಲೆಕ್ಕವನ್ನು ಪ್ರಕಟಿಸಿದ ಮೇಲೆ. ಯಂತ್ರವು ೯೨ರಿಂದ ೯೬ರವರೆಗೆ ತೋರಿದ ಸಂದರ್ಭಗಳಲ್ಲಿ ರಕ್ತಪರೀಕ್ಷೆಯಿಂದ ನಿಜವಾದ ಸಂತೃಪ್ತಿಯು ೮೮ಕ್ಕಿಂತ ಕಡಮೆಯೆಂದು ಕಂಡುಬಂದುದು ಬಿಳಿಯರಲ್ಲಿ ಶೇಕಡಾ ೩.೬, ಕರಿಯರಲ್ಲಿ ಶೇಕಡಾ ೧೧.೭.

ಇದಕ್ಕೆ ಕಾರಣವನ್ನು ಹುಡುಕಿದರೆ ಮತ್ತೆ ಅಡಿಗೆಮನೆಗೇ ಬರಬೇಕಾಗುತ್ತದೆ. ಯಂತ್ರದೊಳಗಿನ ದೀಪವು ಸೂಸುವುದು ಒಂದೇ ತರಂಗಾಂತರದ ಬೆಳಕನ್ನಲ್ಲ, ಸ್ವಲ್ಪ ಹರಹಿನ ಬೆಳಕನ್ನು. ಚರ್ಮದ ವರ್ಣದ್ರವ್ಯವು ಆ ಹರಹಿನ ಒಂದು ಪಕ್ಕವನ್ನು ಹೆಚ್ಚಾಗಿ ನುಂಗುವುದರಿಂದ ಲೆಕ್ಕವು ಜಾರುವುದೆಂಬುದು ಒಂದು ವಿವರಣೆ. ಆದರೆ ಈ ಜಾರುವಿಕೆಯು ಕೋಷ್ಟಕ ಬರೆಯುವಾಗಲೇ ಏಕೆ ಸಿಕ್ಕಿಬೀಳಲಿಲ್ಲ? ೨೦೧೩ರ ಮಾರ್ಗದರ್ಶಿಯು ಕೇಳಿದುದು ಹತ್ತು ಅಥವಾ ಹೆಚ್ಚು ಜನ ಸ್ವಯಂಸೇವಕರನ್ನು. ಅವರಲ್ಲಿ ಗಾಢವರ್ಣದ ಚರ್ಮದವರು ಇಬ್ಬರು, ಇಲ್ಲವೆ ಶೇಕಡಾ ಹದಿನೈದು, ಇದ್ದರೆ ಸಾಕಾಗಿತ್ತು. ಎಂಟು ಜನರಲ್ಲಿ ಒಂದು ಬಗೆಯಾಗಿಯೂ ಇಬ್ಬರಲ್ಲಿ ಮತ್ತೊಂದು ಬಗೆಯಾಗಿಯೂ ಇರುವುದನ್ನು ಒಟ್ಟಿಗೆ ಸರಾಸರಿ ಹಿಡಿದರೆ ಇಬ್ಬರ ದೋಷವು ಎಂಟು ಜನರ ಗುಣದಲ್ಲಿ ಮುಳುಗಿಹೋಗುತ್ತದೆ. ಅದೇ ಆಡಳಿತವು ೨೦೨೧ರ ಫೆಬ್ರವರಿಯಲ್ಲಿ ಜನರಿಗೆ ಎಚ್ಚರಿಕೆಯನ್ನು ಕೊಟ್ಟಿತು. ೨೦೨೫ರ ಜನವರಿಯಲ್ಲಿ ಪ್ರಕಟಿಸಿದ ಕರಡಿನಲ್ಲಿ ೧೫೦ ಅಥವಾ ಹೆಚ್ಚು ಜನರನ್ನು, ಚರ್ಮದ ವರ್ಣಗಳ ಎಲ್ಲ ಮೆಟ್ಟಿಲುಗಳಿಂದಲೂ ಆಯ್ದು, ಪರೀಕ್ಷಿಸಬೇಕೆಂದು ಸೂಚಿಸಿತು. ಗೋಧಿಬಣ್ಣದಿಂದ ಎಣ್ಣೆಗಪ್ಪಿನವರೆಗೆ ಎಲ್ಲ ಛಾಯೆಗಳೂ ಒಂದೇ ಮನೆಯಲ್ಲಿ ಕಾಣಬರುವ ನಮ್ಮ ನಾಡಿಗೆ ಈ ವಿಚಾರವು ದೂರದ್ದಲ್ಲವೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

೭. ಬೆರಳಿನಿಂದ ಮಣಿಕಟ್ಟಿಗೆ

ಬೆರಳ ತುದಿಯಲ್ಲಿ ಬೆಳಕು ಒಂದು ಪಕ್ಕದಿಂದ ಹೊಕ್ಕು ಮತ್ತೊಂದು ಪಕ್ಕದಿಂದ ಹೊರಬರುತ್ತದೆ. ಮಣಿಕಟ್ಟು ದಪ್ಪವಾದುದರಿಂದಲೂ ನಡುವೆ ಮೂಳೆಗಳಿರುವುದರಿಂದಲೂ ಅಲ್ಲಿ ಅದು ಸಾಧ್ಯವಿಲ್ಲ. ಗಡಿಯಾರದ ಬೆನ್ನಿನಲ್ಲಿರುವ ದೀಪಗಳು ಚರ್ಮದೊಳಗೆ ಬೆಳಕನ್ನು ಬಿಟ್ಟು, ಚದರಿ ಹಿಂದಿರುಗಿದ ಅಲ್ಪಭಾಗವನ್ನು ಅಲ್ಲಿಯೇ ಪಕ್ಕದಲ್ಲಿರುವ ದ್ಯುತಿಕೋಶಗಳಿಂದ ಹಿಡಿಯುತ್ತವೆ. ಬೆರಳ ತುದಿಯಲ್ಲಿ ರಕ್ತನಾಳಗಳು ದಟ್ಟವಾಗಿವೆ. ಮಣಿಕಟ್ಟಿನ ಹಿಂಬದಿಯಲ್ಲಿ ವಿರಳವಾಗಿವೆ. ಆದುದರಿಂದ ನಾಡಿಯೊಡನೆ ಏರಿಳಿಯುವ ಅಂಶವು ಮಣಿಕಟ್ಟಿನಲ್ಲಿ ಬಹಳ ಸಣ್ಣದು. ಪಟ್ಟಿಯು ಸಡಿಲವಾದರೆ ಹೊರಗಿನ ಬೆಳಕು ನುಗ್ಗುತ್ತದೆ, ಬಿಗಿಯಾದರೆ ರಕ್ತವು ತಡೆಯುತ್ತದೆ. ಕೈಯಂತೂ ಎಂದೂ ಸುಮ್ಮನಿರುವ ಅಂಗವಲ್ಲ. ಹಿಂದೆ ಹೇಳಿದ ಉಪಾಧಿಗಳೆಲ್ಲವೂ ಇಲ್ಲಿ ಇಮ್ಮಡಿಯಾಗಿ ಬಂದು ಕೂಡುತ್ತವೆ.

ಆಪಲ್ ಸಂಸ್ಥೆಯವರು ೨೦೨೦ರ ಸೆಪ್ಟೆಂಬರಿನಲ್ಲಿ ತಮ್ಮ ಆರನೆಯ ಶ್ರೇಣಿಯ ಗಡಿಯಾರದಲ್ಲಿ ಈ ಸೌಲಭ್ಯವನ್ನು ಕೊಟ್ಟಾಗ, ಇದು ವೈದ್ಯಕೀಯ ಬಳಕೆಗಾಗಿ ಅಲ್ಲ, ಸಾಮಾನ್ಯ ಕ್ಷೇಮ ಮತ್ತು ವ್ಯಾಯಾಮದ ತಿಳಿವಳಿಕೆಗಾಗಿ ಮಾತ್ರವೆಂದು ತಾವೇ ಬರೆದಿದ್ದರು. ಹೀಗೆ ಬರೆದ ಯಂತ್ರಕ್ಕೆ ಆಸ್ಪತ್ರೆಯ ಯಂತ್ರಕ್ಕೆ ವಿಧಿಸುವ ಪರೀಕ್ಷೆಯು ಕಡ್ಡಾಯವಾಗಲಿಲ್ಲ. ಮಾಸಿಮೋ ಎಂಬ ಸಂಸ್ಥೆಗೂ ಇವರಿಗೂ ಹುಟ್ಟಿದ ವ್ಯಾಜ್ಯದಿಂದ ೨೦೨೪ರ ಜನವರಿಯಲ್ಲಿ ಅಮೆರಿಕದಲ್ಲಿ ಮಾರುವ ಗಡಿಯಾರ��ಳಿಂದ ಈ ಸೌಲಭ್ಯವು ತೆಗೆಯಲ್ಪಟ್ಟು, ೨೦೨೫ರ ಆಗಸ್ಟಿನಲ್ಲಿ ಬೇರೊಂದು ರೂಪದಲ್ಲಿ ಮರಳಿತು. ಆದರೆ ಆ ವ್ಯಾಜ್ಯವು ಪೇಟೆಂಟ್ ಹಕ್ಕಿನದು, ೧೯೭೪ರ ಎರಡು ಅರ್ಜಿಗಳ ಮರಿಮಗು. ಸಂಖ್ಯೆಯ ಸತ್ಯಾಸತ್ಯತೆಯನ್ನು ಅದು ತೀರ್ಮಾನಿಸಲಿಲ್ಲ.

ಗಡಿಯಾರದ ಪರವಾದ ಸಾಕ್ಷ್ಯವೂ ಇಲ್ಲದಿಲ್ಲ. ಬ್ರೆಜಿಲ್ ದೇಶದ ಸಾವೊ ಪಾಲೊ ನಗರದ ಸಂಶೋಧಕರು ಶ್ವಾಸಕೋಶದ ವ್ಯಾಧಿಯುಳ್ಳ ೧೦೦ ಮಂದಿಯಲ್ಲಿ ಈ ಗಡಿಯಾರವನ್ನೂ ಬೆರಳಿನ ಯಂತ್ರಗಳನ್ನೂ ಹೋಲಿಸಿ ೨೦೨೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎರಡಕ್ಕೂ ಒಳ್ಳೆಯ ಹೊಂದಿಕೆಯಿದೆಯೆಂದು ಹೇಳಿದ್ದಾರೆ. ಇದನ್ನು ಅಲ್ಲಗಳೆಯಲು ನನಗೆ ಆಧಾರವಿಲ್ಲ. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಅಲ್ಲಿ ಒಂದು ಅನುಮಾನವನ್ನು ಇನ್ನೊಂದು ಅನುಮಾನದಿಂದ ಪರೀಕ್ಷಿಸಿದೆ. ಎರಡಕ್ಕೂ ಸಮಾನವಾದ ದೋಷವಿದ್ದರೆ ಅದು ಹೋಲಿಕೆಯಲ್ಲಿ ಕಾಣಿಸದು. ಎರಡನೆಯದಾಗಿ, ಸಮೂಹದ ಸರಾಸರಿಯು ಸರಿಯಾಗಿರುವುದರಿಂದ ಒಬ್ಬೊಬ್ಬನ ಸಂಖ್ಯೆಯೂ ಸರಿಯೆಂದಾಗುವುದಿಲ್ಲ. ಒಬ್ಬನಿಗೆ ನಾಲ್ಕು ಹೆಚ್ಚಾಗಿಯೂ ಇನ್ನೊಬ್ಬನಿಗೆ ನಾಲ್ಕು ಕಡಮೆಯಾಗಿಯೂ ಹೇಳಿದರೆ ಸರಾಸರಿಯ ತಪ್ಪು ಸೊನ್ನೆ. ಆದರೆ ಮೊದಲನೆಯವನು ಮನೆಯಲ್ಲಿಯೇ ಉಳಿಯುತ್ತಾನೆ.

೮. ಒಂದು ಅಕ್ಷರದ ಲೋಪ

ಶಬ್ದಶಾಸ್ತ್ರದಲ್ಲಿ ಆಸಕ್ತರಾದ ವಾಚಕರ ಗಮನಕ್ಕೆ ಒಂದು ಸಂಗತಿಯನ್ನು ತಂದು ಮುಗಿಸುವೆನು. ವೈದ್ಯರು ಈ ಸಂಖ್ಯೆಯನ್ನು ಬರೆಯುವಾಗ ಎರಡು ಸಂಕೇತಗಳನ್ನು ಬಳಸುತ್ತಾರೆ. ಅಪಧಮನಿಯಿಂದ ರಕ್ತವನ್ನು ತೆಗೆದು ಪರೀಕ್ಷಿಸಿದ್ದರೆ ಎಸ್‌ಎಒ೨. ನಾಡಿಯ ಯಂತ್ರದಿಂದ ತಿಳಿದಿದ್ದರೆ ಎಸ್‌ಪಿಒ೨. ನಡುವಿನ ‘ಎ’ ಎಂಬುದು ಅಪಧಮನಿಯನ್ನೂ ‘ಪಿ’ ಎಂಬುದು ನಾಡಿಯನ್ನೂ ಸೂಚಿಸುವ ಇಂಗ್ಲಿಷ್ ಶಬ್ದಗಳ ಮೊದಲಕ್ಷರಗಳು. ವಸ್ತುವು ಒಂದೇ ಆದರೂ ಅದನ್ನು ತಿಳಿದ ಪ್ರಮಾಣವು ಬೇರೆಯೆಂದು ಸಾರುವುದು ಆ ಒಂದಕ್ಷರದ ಕೆಲಸ. ನೈಯಾಯಿಕನೊಬ್ಬನು ಸಂಕೇತವನ್ನು ರಚಿಸಿದ್ದರೂ ಇದಕ್ಕಿಂತ ಚೆನ್ನಾಗಿ ರಚಿಸುತ್ತಿರಲಿಲ್ಲ. ಯಂತ್ರವು ಆಸ್ಪತ್ರೆಯಿಂದ ಅಂಗಡಿಗೆ ಬರುವಾಗ ಈ ಅಕ್ಷರವು ಲೋಪವಾಯಿತು. ಗಡಿಯಾರದ ಮುಖದ ಮೇಲೆ ಕಾಣುವುದು ‘ರಕ್ತದ ಆಮ್ಲಜನಕ’ ಎಂಬ ಮಾತು ಮಾತ್ರ. ನಾವೂ ‘ಆಕ್ಸಿಜನ್ ಎಷ್ಟಿದೆ?’ ಎಂದು ಕೇಳಿ, ‘೯೬ ಇದೆ’ ಎಂದು ಉತ್ತರ ಹೇಳುತ್ತೇವೆ. ‘೯೬ ಎಂದು ಊಹಿಸಿದೆ’ ಎನ್ನುವುದಿಲ್ಲ. ಅನುಮಿತಿಯು ಭಾಷೆಯಲ್ಲಿ ಪ್ರತ್ಯಕ್ಷವಾಗಿ ಕುಳಿತುಬಿಟ್ಟಿತು.

ಹಾಗಾದರೆ ಯಂತ್ರವನ್ನು ತ್ಯಜಿಸಬೇಕೆ? ಅನುಮಾನವನ್ನು ತ್ಯಜಿಸಿದವನು ಬೆಟ್ಟದ ಬೆಂಕಿಯನ್ನು ಮೈ ಸುಟ್ಟ ಮೇಲೆಯೇ ತಿಳಿಯಬೇಕಾಗುತ್ತದೆ. ಆಸ್ಪತ್ರೆಗಳಲ್ಲಿ ಈ ಯಂತ್ರವು ಉಳಿಸಿರುವ ಪ್ರಾಣಗಳನ್ನು ಮರೆಯುವುದು ಕೃತಘ್ನತೆ. ಆದರೆ ಅದನ್ನು ಅನುಮಾನವೆಂದೇ ತಿಳಿದು ಬಳಸಬೇಕು. ಕೈಯನ್ನು ಬೆಚ್ಚಗೆ ಮಾಡಿಕೊಂಡು, ಅಲುಗದೆ ಕುಳಿತು, ಸಂಖ್ಯೆಯು ಸ್ಥಿರವಾಗುವವರೆಗೆ ಕಾದು, ಒಂದೇ ಯಂತ್ರದಿಂದ ಒಂದೇ ರೀತಿಯಲ್ಲಿ ಹಲವು ಸಲ ನೋಡಿದರೆ ಇಳಿಯುತ್ತಿದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ತಗ್ಗಿದ ಸಂಖ್ಯೆಯು ಕಂಡರೆ ಅಲಕ್ಷ್ಯ ಮಾಡಬಾರದು. ಮೈಯಲ್ಲಿ ಏದುಸಿರು ಕಾಣುತ್ತಿರುವಾಗ ಒಳ್ಳೆಯ ಸಂಖ್ಯೆಯು ಕಂಡರೂ ಅದನ್ನು ನಂಬಿ ಕೂರಬಾರದು. ಮಣಿಕಟ್ಟಿನ ಸಂಖ್ಯೆಯಿಂದ ಮಾತ್ರ ಚಿಕಿತ್ಸೆಯ ನಿರ್ಣಯವನ್ನು ಮಾಡಬಾರದು.

ನಮ್ಮ ಅಣ್ಣನವರ ವಿಷಯದಲ್ಲಿ ನಿರ್ಣಯವನ್ನು ಮಾಡಿದವರು ಅತ್ತಿಗೆಯವರು. ಸಂಧ್ಯಾವಂದನೆಯಲ್ಲಿ ಐವತ್ತು ವರ್ಷಗಳಿಂದ ಒಂದೇ ಉಸಿರಿನಲ್ಲಿ ಮುಗಿಯುತ್ತಿದ್ದ ಪ್ರಾಣಾಯಾಮಮಂತ್ರವು ಆ ಸಂಜೆ ಎರಡು ಸಲ ತುಂಡಾದುದನ್ನು ಬಾಗಿಲಲ್ಲಿ ನಿಂತಿದ್ದ ಅವರು ಕೇಳಿದರು. ‘ಗಡಿಯಾರ ಏನಾದರೂ ಹೇಳಲಿ, ಇವರಿಗೆ ಉಸಿರು ಸಾಲುತ್ತಿಲ್ಲ, ಈಗಲೇ ಹೊರಡಿ’ ಎಂದರು. ಆಸ್ಪತ್ರೆಯಲ್ಲಿ ಅಪಧಮನಿಯ ರಕ್ತವನ್ನು ತೆಗೆದು ನೋಡಿದಾಗ ಸಂತೃಪ್ತಿಯು ೮೮ ಎಂದು ತಿಳಿದುಬಂದಿತು. ನಮ್ಮ ಮೂರು ಯಂತ್ರಗಳಲ್ಲಿ ಒಂದೂ ಅಷ್ಟು ಕೆಳಗನ್ನು ಹೇಳಿರಲಿಲ್ಲ. ಹದಿನಾರು ದಿನಗಳ ಮೇಲೆ ಅಣ್ಣನವರು ಮನೆಗೆ ಬಂದರು. ಆ ಗಡಿಯಾರವು ಈಗಲೂ ಅವರ ಮಗನ ಕೈಯಲ್ಲಿದೆ. ಕಾಲವನ್ನು ಸರಿಯಾಗಿಯೇ ತೋರಿಸುತ್ತದೆ.

ಯಂತ್ರಶಾಸ್ತ್ರದಲ್ಲಿ ನನ್ನ ಅಲ್ಪಪರಿಚಯದಿಂದ ಈ ಲೇಖನದಲ್ಲಿ ಸ್ಖಾಲಿತ್ಯಗಳು ಉಳಿದಿದ್ದರೆ ತಿಳಿದವರು ತಿದ್ದಿ ಉಪಕರಿಸಬೇಕಾಗಿ ಪ್ರಾರ್ಥಿಸುತ್ತೇನೆ.